ಲೇಖನದ ಮೇಲಿನ ಹೆಸರು

ಕಾನೂನು ಕಾಲೇಜಿನ ಪತ್ರಿಕೆಗೆಂದು ಕಿರಿಯ ಉಪನ್ಯಾಸಕಿ ನೀಲಾಂಬಿಕೆ ವರ್ಷವಿಡೀ ಕೂತು ಲೇಖನ ಬರೆದಳು. "ಅದಕ್ಕೆ ನನ್ನ ಹೆಸರು ಹಾಕಮ್ಮ, ನಿನ್ನದು ಬೇಡ" ಎಂದರು ಪ್ರಾಂಶುಪಾಲರು. ನೀಲಾಂಬಿಕೆ ಮುಗುಳ್ನಕ್ಕಳು.

"ಧಾರಾಳವಾಗಿ ಹಾಕ್ತೀನಿ ಸಾರ್. ಪತ್ರಿಕೆ ಬಿಡುಗಡೆಗೆ ಬರೋ ನ್ಯಾಯಮೂರ್ತಿಗಳ ತೀರ್ಪಿನ ಮೇಲೇ ಬರೆದಿರೋದು. ಒಂದ್ಸಲ ಓದಿಬಿಡಿ."

ಅಡಿಟಿಪ್ಪಣಿ ತುಂಬಿದ ಆ ಕಂತೆ ನೋಡಿಯೇ ಪ್ರಾಂಶುಪಾಲರು ಬೆವೆತರು. "ತೀರ್ಪನ್ನ ಜಾಡಿಸಿದ್ರೆ ನನ್ನ ಗತಿಯೇನು? ನಿನ್ನ ಹೆಸರೇ ಇರಲಿ ಬಿಡಮ್ಮ."

ಬಿಡುಗಡೆಯ ದಿನ ನ್ಯಾಯಮೂರ್ತಿಗಳು ವೇದಿಕೆಯಲ್ಲೇ ಲೇಖನ ಓದಿದರು. "ನನ್ನ ತೀರ್ಪನ್ನು ಇಷ್ಟು ಚೆನ್ನಾಗಿ ಯಾರೂ ಸಮರ್ಥಿಸಿರಲಿಲ್ಲ" ಎಂದು ತಮಗೆ ಹೊದಿಸಿದ ಶಾಲನ್ನೇ ನೀಲಾಂಬಿಕೆಗೆ ಹೊದಿಸಿದರು. ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು.

"ಹೊಗಳಿದ್ದೀನಿ ಅಂತ ಮೊದಲೇ ಹೇಳೋದಲ್ವೇನಮ್ಮ?" ಪ್ರಾಂಶುಪಾಲರು ಪಿಸುಗುಟ್ಟಿದರು.

"ಲೇಖಕರಿಗೆ ಗೊತ್ತಿರುತ್ತೆ ಅಂದ್ಕೊಂಡೆ ಸಾರ್."