ಶಿವಲೀಲಾಳ ಕಾರಿಗೆ ಎರಡು ಫ್ಯಾನು

ಬಾಗಲಕೋಟೆ ಸೀಮೆಯ ಒಂದು ಊರಿನಲ್ಲಿ ಶಿವಲೀಲಾ ಎಂಬಾಕೆ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದಳು. ಅವಳ ಕಾರಿಗೆ ಇಪ್ಪತ್ತನಾಲ್ಕು ವರ್ಷ. ಕಾಗದದಲ್ಲಿ ಅದರ ಬಣ್ಣ ಬಿಳಿ, ಕಣ್ಣಿಗೆ ಮಾತ್ರ ಮಣ್ಣಿನ ಬಣ್ಣ. ಆದರೂ ಅದೇ ಕಾರಿನಲ್ಲಿ ಕಲಿತು ನೂರಾರು ಹೆಂಗಸರು ಧೈರ್ಯವಾಗಿ ಸ್ಟೇರಿಂಗ್ ಹಿಡಿದಿದ್ದರು. ಆ ಕಾರೆಂದರೆ ಶಿವಲೀಲಾಳಿಗೆ ಬಲು ಅಭಿಮಾನ. ಹಟವೂ ಅಷ್ಟೇ. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು.

ಆ ಬೇಸಿಗೆಯಲ್ಲಿ ಕಾರು ಕಾಟ ಕೊಡತೊಡಗಿತು. ಕಲಿಯುವವರು ಓಡಿಸುವುದು ಹೇಗೆಂದು ಗೊತ್ತಲ್ಲ? ಫಸ್ಟ್ ಗೇರಿನಲ್ಲಿ ಆಮೆಯ ನಡಿಗೆ, ಹತ್ತು ಮಾರಿಗೊಮ್ಮೆ ನಿಲುಗಡೆ. ಗಾಳಿ ಆಡದೆ ಇಂಜಿನ್ ಕುದಿಯುತ್ತಿತ್ತು, ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ದಿನಕ್ಕೆ ಎರಡು ಸಲ ಕಾರನ್ನು ಬೇವಿನ ನೆರಳಿಗೆ ನಿಲ್ಲಿಸಿ ಕಾಯಬೇಕಾಗುತ್ತಿತ್ತು.

ಹಾಗೆ ಕಾಯುವಷ್ಟು ಪುರಸೊತ್ತು ಎಲ್ಲರಿಗೂ ಇರಲಿಲ್ಲ. ಕಲಿಯುವವರಲ್ಲಿ ರುದ್ರವ್ವ ಎಂಬವಳಿದ್ದಳು. ಹದಿನೈದು ವರ್ಷ ಇಟ್ಟಿಗೆ ಭಟ್ಟಿಯಲ್ಲಿ ಇಟ್ಟಿಗೆ ಹೊತ್ತವಳು, ಇನ್ನು ಅವಳ ಬೆನ್ನು ತಡೆಯುವಂತಿರಲಿಲ್ಲ. ಪಂಚಾಯಿತಿಯ ಕಸದ ಗಾಡಿ ಓಡಿಸಲು ಮಹಿಳಾ ಸಂಘದಿಂದ ಅವಳ ಹೆಸರು ಬಂದಿತ್ತು. ಗೊತ್ತುಮಾಡಿದ ಶುಕ್ರವಾರದೊಳಗೆ ಲೈಸೆನ್ಸಿನ ಪರೀಕ್ಷೆ ಪಾಸಾದ ಚೀಟಿ ತೋರಿಸಿದರೆ ಕೆಲಸ ಅವಳದು. ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿದ್ದವಳದು. ಅದಕ್ಕೇ ಅವಳು ಭಟ್ಟಿಯ ಕೆಲಸ ಮುಗಿಸಿ, ಕೈಕಾಲು ತೊಳೆದು, ಓಡೋಡಿ ಬರುತ್ತಿದ್ದಳು.

"ಏನರ ಆಗ್ಲಿ, ರುದ್ರವ್ವನ್ನ ಪಾಸ್ ಮಾಡಿಸೇ ತೀರ್ತೀನಿ" ಎಂದು ಶಿವಲೀಲಾ ನಿಶ್ಚಯ ಮಾಡಿದಳು. ನಿಶ್ಚಯ ಒಳ್ಳೆಯದೇ. ಹಿಡಿದ ದಾರಿ ಮಾತ್ರ ಎಡವಟ್ಟಾಯಿತು.

ಅವಳು ಗುಜರಿ ಅಂಗಡಿಗೆ ಹೋಗಿ ಯಾವುದೋ ದೊಡ್ಡ ಡೀಸೆಲ್ ಗಾಡಿಯ, ಇಂಜಿನ್ ತಂಪು ಮಾಡುವ ಎರಡು ಫ್ಯಾನು ತಂದಳು. ಒಂದೊಂದೂ ಹಿಟ್ಟು ನಾದುವ ಪರಾತದಷ್ಟು ಅಗಲ. ಅವನ್ನು ಹೊತ್ತುಕೊಂಡು ಗಾಡಿಗಳ ವೈರಿಂಗ್ ಕೆಲಸ ಮಾಡುವ ಖಾಜಾಸಾಬರ ಹತ್ತಿರ ಹೋದಳು. ಖಾಜಾಸಾಬರು ನಲವತ್ತು ವರ್ಷದಿಂದ ಅದೇ ಕೆಲಸ ಮಾಡಿದ ಹಿರಿಯರು.

"ಕಾಕಾ, ಇವೆರಡೂ ಇವತ್ತ ಹಾಕಿ ಕೊಡ್ರಿ."

ಖಾಜಾಸಾಬರು ಫ್ಯಾನು ತಿರುಗಿಸಿ ನೋಡಿದರು. "ಹಾಕೂದೇನ ದೊಡ್ಡದಲ್ಲ ತಂಗಿ. ಇವಕ್ಕ ಕರೆಂಟು ಕೊಡೂದು ಯಾರು? ನಿನ್ನ ಗಾಡಿ ಡೈನಮೋ ಒಂದು ಸಣ್ಣ ಫ್ಯಾನಿಗೆ ಲೆಕ್ಕ ಹಾಕಿ ಇಟ್ಟದ್ದು. ಅದರಾಗ ನಿನ್ನ ಗಾಡಿ ದಿನಾ ತೆವಳತೈತಿ. ಇಂಜಿನ್ ಜೋರ ತಿರುಗಿದ್ರ ಡೈನಮೋ ಕರೆಂಟು ಹುಟ್ಟಸತೈತಿ, ಮೆಲ್ಲಕ ತಿರುಗಿದ್ರ ಎಲ್ಲಿಂದ ಹುಟ್ಟಸಬೇಕು? ನಾಳೆ ಮುಂಜಾನೆ ಬಾ, ಮೀಟರ್ ಹಚ್ಚಿ ನೋಡೂಣು."

"ನಾಳೆ ಮುಂಜಾನೆ ನನಗ ಕ್ಲಾಸ್ ಐತ್ರಿ ಕಾಕಾ" ಎಂದವಳೇ ಶಿವಲೀಲಾ ಫ್ಯಾನು ಎತ್ತಿಕೊಂಡು ಹೊರಟಳು. ಬೇರೊಂದು ಅಂಗಡಿಯಲ್ಲಿ ಏನೂ ಕೇಳದೆ ಒಂದೇ ತಾಸಿನಲ್ಲಿ ಎರಡನ್ನೂ ಕೂರಿಸಿಕೊಟ್ಟರು. ನಾವು ಹೇಳಿದ್ದಕ್ಕೆಲ್ಲ ಹೂಂ ಎನ್ನುವವರಿಗೆ ಊರಲ್ಲಿ ಯಾವತ್ತೂ ಬರವಿಲ್ಲ ನೋಡಿ.

ಸ್ವಿಚ್ ಒತ್ತಿದರೆ ಫ್ಯಾನುಗಳು ಹಿಟ್ಟಿನ ಗಿರಣಿಯಂತೆ ಗುಂಯ್ ಎಂದವು. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಳಗೆ ಇಳಿಯಿತು, ಮತ್ತೆ ಏಳಲಿಲ್ಲ. ಶಿವಲೀಲಾಳ ಹಿಗ್ಗು ಹೇಳತೀರದು. "ನನ್ನ ಗಾಡಿ ಈಗ ತಣ್ಣನ ಮಹಾಬಳೇಶ್ವರ ಆಗೇತಿ" ಎಂದು ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡಳು.

ವಾರ ಕಳೆಯುವಷ್ಟರಲ್ಲಿ ಹಾರನ್ನಿನ ದನಿಗೆ ನೆಗಡಿ ಬಂದಂತಾಯಿತು. ಇಂಡಿಕೇಟರ್ ತೂಕಡಿಸತೊಡಗಿತು. ಬೆಳಿಗ್ಗೆ ಕಲಿಯಲು ಬಂದವರು ಮೊದಲು ಕಾರನ್ನು ತಳ್ಳಬೇಕಾಯಿತು. ಬ್ಯಾಟರಿ ಹಳೆಯದಾಗಿದೆ ಎಂದುಕೊಂಡು ಶಿವಲೀಲಾ ಹೊಸ ಬ್ಯಾಟರಿ ಹಾಕಿಸಿದಳು. ಎರಡು ದಿನ ಎಲ್ಲ ಸರಿಯಿತ್ತು. ಆಮೇಲೆ ಸ್ಟೇರಿಂಗ್ ಹಿಂದೆ ಬ್ಯಾಟರಿಯ ಕೆಂಪು ದೀಪ ಮಿಣುಕತೊಡಗಿತು.

"ಅಕ್ಕಾರ, ಈ ಕೆಂಪ ದೀಪ ಯಾಕ ಹತ್ತೇತ್ರಿ?" ರುದ್ರವ್ವ ಹೆದರಿ ಕೇಳಿದಳು.

"ಅದು ಹಂಗ. ನೀ ರಸ್ತಾ ನೋಡು."

ಆದರೆ ರುದ್ರವ್ವನ ಕಣ್ಣು ಮತ್ತೆ ಮತ್ತೆ ದೀಪದ ಕಡೆಗೇ ಹೋಗುತ್ತಿತ್ತು, ಕಾರು ಚರಂಡಿಯ ಕಡೆಗೆ ಹೋಗುತ್ತಿತ್ತು. ಶಿವಲೀಲಾಳಿಗೆ ರೇಗಿತು. ತನ್ನ ಹಣೆಯ ಟಿಕಳಿಯನ್ನೇ ಕಿತ್ತು ಆ ದೀಪದ ಮೇಲೆ ಅಂಟಿಸಿದಳು. "ಈಗ ಕಾಣತೈತೇನು?" ಎಂದಳು. ಕಾಣಲಿಲ್ಲ. ದೀಪವೇನೂ ಆರಿರಲಿಲ್ಲ, ಕಣ್ಣಿಗೆ ಮರೆಯಾಗಿತ್ತು ಅಷ್ಟೇ.

ಪರೀಕ್ಷೆಯ ಸೋಮವಾರ ಬಂತು. ಮೈದಾನದಲ್ಲಿ ಗಾಡಿಗಳ ಸಾಲು. ಇವರ ಸರದಿ ಬರಲು ಒಂದೂವರೆ ತಾಸು ಹಿಡಿಯಿತು. ಸಾಲು ಒಂದೊಂದೇ ಮಾರು ಮುಂದೆ ಸರಿಯುತ್ತಿದ್ದುದರಿಂದ ಇಂಜಿನ್ ಆರಿಸುವಂತಿರಲಿಲ್ಲ. ಎರಡು ಫ್ಯಾನೂ ಬಿಡುವಿಲ್ಲದೆ ತಿರುಗಿದವು. ಬಿಸಿಯ ಮುಳ್ಳು ಕೆಳಗೇ ಇತ್ತು. ಶಿವಲೀಲಾ ಅದನ್ನೇ ನೋಡಿ ಸಮಾಧಾನಪಟ್ಟಳು.

ರುದ್ರವ್ವ ಎಂಟರ ಆಕಾರದ ದಾರಿಯನ್ನು ಒಂದು ಕಲ್ಲೂ ಮುಟ್ಟದೆ ಸುತ್ತಿದಳು. ಆಮೇಲೆ ಏರು. ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಬೇಕು. ಕ್ಲಚ್ ಬಿಡುವಾಗ ಕಾಲು ಒಂದಿಷ್ಟು ತಪ್ಪಿತು, ಇಂಜಿನ್ ನಿಂತಿತು. ಅದೇನೂ ದೊಡ್ಡ ತಪ್ಪಲ್ಲ, ಇನ್ನೊಮ್ಮೆ ಸ್ಟಾರ್ಟ್ ಮಾಡಲು ಅವಕಾಶವಿತ್ತು. ರುದ್ರವ್ವ ಕೀಲಿ ತಿರುಗಿಸಿದಳು. ಟಕ್ ಎಂದಿತು. ಮತ್ತೆ ತಿರುಗಿಸಿದಳು. ಅದೂ ಇಲ್ಲ.

ಬೇಲಿಯ ಹತ್ತಿರ ನಿಂತಿದ್ದ ಶಿವಲೀಲಾ ಕಾರಿನ ಬಳಿಗೆ ಓಡಿದಳು.

ಇನ್‌ಸ್ಪೆಕ್ಟರ್ ಸಾಹೇಬರು ಪೆನ್ನು ತೆಗೆದರು. "ಸ್ಟಾರ್ಟ್ ಮಾಡೋಕೂ ಬರಲ್ವೇನಮ್ಮ?"

"ನಂದ ತಪ್ಪಾತ್ರಿ" ಎಂದು ರುದ್ರವ್ವ ಅಳತೊಡಗಿದಳು. ತಾನೇ ಕಾರು ಕೆಡಿಸಿದೆ ಎಂದು ಆ ಪಾಪದ ಹೆಂಗಸು ನಂಬಿಬಿಟ್ಟಿದ್ದಳು.

ಶಿವಲೀಲಾ ಸುಮ್ಮನಿದ್ದರೆ ಅವಳಿಗೇನೂ ನಷ್ಟವಿರಲಿಲ್ಲ. ಫೇಲಾಗುವವಳು ರುದ್ರವ್ವ. ನಿಜ ಹೇಳಿದರೆ ತನ್ನ ಕಾರಿಗೇ ಕುತ್ತು. ಆದರೆ ಇಟ್ಟಿಗೆ ಹೊತ್ತು ಒರಟಾದ ಆ ಕೈ ಇನ್ನೂ ಕೀಲಿಯನ್ನು ತಿರುಗಿಸುತ್ತಲೇ ಇರುವುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಸಾಹೇಬ್ರ, ತಪ್ಪು ಆಕೀದಲ್ಲ, ನಂದು" ಎಂದು ಮುಂದೆ ಬಂದಳು. "ಗಾಡಿ ತಾಳಲಾರದಷ್ಟು ದೊಡ್ಡ ಫ್ಯಾನ್ ಹಾಕಿಸೀನಿ. ಬ್ಯಾಟರಿ ದೀಪ ಹತ್ತಿದ್ರೂ ಮುಚ್ಚಿಟ್ಟೀನಿ. ಬೇಕಂದ್ರ ನೋಡ್ರಿ."

ಸಾಹೇಬರು ಬಗ್ಗಿ ನೋಡಿದರು. ಟಿಕಳಿ ಕಂಡು ಅವರಿಗೆ ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. "ಇಂಥ ಗಾಡಿಯನ್ನ ಮತ್ತೆ ಒಳಗೆ ಬಿಡಬಾರದು ಅಂತ ಬರೀಬೇಕಾಗುತ್ತೆ."

"ಬರೀರಿ. ಆಕಿ ಹೆಸರಿನ ಮುಂದ ಫೇಲ್ ಅಂತ ಮಾತ್ರ ಬರೀಬ್ಯಾಡ್ರಿ."

ಸಾಹೇಬರು ಪೆನ್ನನ್ನು ಕಾಗದಕ್ಕೆ ಹಚ್ಚಿದರು. "ಗಾಡಿ ಕೆಟ್ಟಿದ್ದರಿಂದ ಪರೀಕ್ಷೆ ಮುಗೀಲಿಲ್ಲ ಅಂತ ಬರೀತೀನಿ. ಗುರುವಾರ ಬನ್ನಿ. ನನ್ನೆದುರು ಮೂರು ಸಲ ಆರಿಸಿ ಮೂರು ಸಲ ಸ್ಟಾರ್ಟ್ ಮಾಡಿ ತೋರಿಸಬೇಕು. ಈಕೆ ಪರೀಕ್ಷೆ ಆದ ಮೇಲೆ ಒಂದು ತಿಂಗಳು ನಿಮ್ಮ ಗಾಡಿ ಈ ಮೈದಾನಕ್ಕೆ ಬರಬಾರದು."

ಶಿವಲೀಲಾ ಕೈಮುಗಿದಳು. ಕಾರನ್ನು ತಳ್ಳಿಕೊಂಡು ನೇರವಾಗಿ ಖಾಜಾಸಾಬರ ಅಂಗಡಿಗೆ ಹೋದಳು. "ಕಾಕಾ, ಅವತ್ತ ನಿಮ್ಮ ಮಾತು ಕೇಳಲಿಲ್ಲ. ಇವತ್ತ ಕೇಳಾಕ ಬಂದೀನಿ" ಎಂದಳು.

ಖಾಜಾಸಾಬರು ನಾನು ಹೇಳಿದ್ದೆನಲ್ಲ ಎನ್ನಲಿಲ್ಲ. ಬೇರೆ ಬ್ಯಾಟರಿಯಿಂದ ಇಂಜಿನ್ ಎಬ್ಬಿಸಿ ಮೀಟರ್ ಹಚ್ಚಿದರು. "ನೋಡು ತಂಗಿ. ನಿಂತಲ್ಲೇ ಇಂಜಿನ್ ತಿರುಗುವಾಗ ನಿನ್ನ ಡೈನಮೋ ಕೊಡೂದು ಇಪ್ಪತ್ತು ಆಂಪಿಯರ್. ಈ ಎರಡು ಫ್ಯಾನ್ ಬೇಡೂದು ನಲವತ್ತು. ಉಳಿದದ್ದು ಎಲ್ಲಿಂದ ಬರತೈತಿ? ಬ್ಯಾಟರಿಯಿಂದ."

"ಬ್ಯಾಟರಿ ಹೊಸಾದೈತಲ್ರಿ?"

"ನಿಮ್ಮ ಮನ್ಯಾಗ ರೊಟ್ಟಿ ಬಡಿಯಾಕಿ ಒಬ್ಬಾಕಿ. ತಾಸಿಗೆ ಇಪ್ಪತ್ತು ಬಡೀತಾಳ. ಕುಸ್ತಿ ಆಡವ್ರು ಇಬ್ಬರು ಬಂದು ನಲವತ್ತು ತಿಂತಾರ. ಬುಟ್ಟ್ಯಾಗಿನ ಖಡಕ್ ರೊಟ್ಟಿ ಇರೂತನ ಅಡ್ಡಿಯಿಲ್ಲ. ನೀ ಏನ ಮಾಡಿದಿ? ಬುಟ್ಟಿ ಹೊಸಾದು ತಂದಿ. ಬುಟ್ಟಿ ಬದಲಿ ಮಾಡಿದ್ರ ರೊಟ್ಟಿ ಬಡಿಯಾಕಿ ಕೈ ನಾಕಾಗ್ತಾವೇನು?"

ಖಾಜಾಸಾಬರು ಮೀಟರಿನ ವೈರು ಬಿಚ್ಚಿದರು.

"ಎರಡೂ ಫ್ಯಾನ್ ಬೇಕಂದ್ರ ದೊಡ್ಡ ಡೈನಮೋ ಹಾಕಬೇಕು, ಅದಕ್ಕ ತಕ್ಕ ದಪ್ಪ ವೈರು ಎಳೀಬೇಕು. ಡೈನಮೋ ಬರಾಕ ಹತ್ತು ದಿನ. ಗುರುವಾರಕ್ಕ ಬೇಕಂದ್ರ ಇವನ್ನ ಬಿಚ್ಚಬೇಕು."

ಮಹಾಬಳೇಶ್ವರ ಎಂದು ಊರೆಲ್ಲ ಡಂಗುರ ಹೊಡೆದವಳು ಅದನ್ನು ನಡುಬೀದಿಯಲ್ಲಿ ಬಿಚ್ಚಬೇಕು. ಆದರೂ ಶಿವಲೀಲಾ ಸೆರಗು ಸಿಕ್ಕಿಸಿ, ಪಾನಾ ಹಿಡಿದು, ತಾನೇ ಬೋಲ್ಟು ಬಿಚ್ಚತೊಡಗಿದಳು. ಫ್ಯಾನು ಕಿತ್ತ ಮೇಲೆ ನೋಡಿದರೆ ರೇಡಿಯೇಟರಿನ ತುಂಬ ಧೂಳು, ಹತ್ತಿಯ ಎಳೆ, ಸತ್ತ ಹುಳ. ಗಾಳಿ ನುಸುಳಲು ಜಾಗವೇ ಇರಲಿಲ್ಲ. ಅಷ್ಟು ದಿನ ಕಾರು ಕುದಿಯಲು ಅರ್ಧ ಕಾರಣ ಅದೇ. ಅದನ್ನು ತೊಳೆದು, ಬ್ಯಾಟರಿ ಚಾರ್ಜ್ ಮಾಡಿ, ಕಾರಿಗೆ ತಕ್ಕ ಅಳತೆಯ ಒಂದೇ ಹೊಸ ಫ್ಯಾನು ಹಾಕಿದರು. ಮುಳ್ಳು ನಡುವಿನವರೆಗೆ ಏರಿತು, ಅಲ್ಲೇ ನಿಂತಿತು. ಅಷ್ಟು ಸಾಕಾಗಿತ್ತು.

ಗುರುವಾರ ಸಾಹೇಬರ ಎದುರು ಕಾರು ಮೂರು ಸಲವೂ ಸ್ಟಾರ್ಟಾಯಿತು. ರುದ್ರವ್ವ ಎಂಟು ಸುತ್ತಿ ಏರಿಗೆ ಬಂದಳು. ನಂಬುತ್ತೀರೋ ಇಲ್ಲವೋ, ಅದೇ ಜಾಗದಲ್ಲಿ ಇಂಜಿನ್ ಮತ್ತೆ ನಿಂತಿತು. ರುದ್ರವ್ವ ಕೀಲಿ ತಿರುಗಿಸಿದಳು. ಒಂದೇ ಸಲಕ್ಕೆ ಇಂಜಿನ್ ಎದ್ದಿತು, ಕಾರು ಏರು ಹತ್ತಿತು.

ಶುಕ್ರವಾರ ಅವಳು ಪಂಚಾಯಿತಿಯಲ್ಲಿ ಚೀಟಿ ತೋರಿಸಿ ಕಸದ ಗಾಡಿಯ ಕೀಲಿ ಇಸಿದುಕೊಂಡಳು. ಅಲ್ಲಿಗೆ ಇಟ್ಟಿಗೆ ಹೊರುವುದು ಮುಗಿಯಿತು.

ರುದ್ರವ್ವ ಗಾಡಿ ಓಡಿಸುವುದನ್ನು ಕಂಡು ಸಂಘದ ಒಂಬತ್ತು ಹೆಂಗಸರು ಶಿವಲೀಲಾಳ ಮನೆಗೆ ಬಂದರು. "ನಾಳಿಂದ ನಮಗೂ ಕಲಸ್ರಿ ಅಕ್ಕಾರ" ಎಂದರು. ಎಲ್ಲರೂ ಬರ್ರಿ ಎಂಬ ಮಾತು ಶಿವಲೀಲಾಳ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡು ಅಂಗಳದಲ್ಲಿದ್ದ ಹಳೆಯ ಕಾರನ್ನು ನೋಡಿದಳು. ದಿನವಿಡೀ ಕಲಿಸಿ ಊದಿದ ತನ್ನ ಕಾಲನ್ನೂ ನೋಡಿಕೊಂಡಳು.

"ನನಗೂ ನನ್ನ ಗಾಡಿಗೂ ದಿನಕ್ಕ ಮೂರು ಮಂದಿ ನೀಗತೈತಿ" ಎಂದಳು. "ಮೊದಲ ಮೂವರು ಬರ್ರಿ. ಅವರು ಪಾಸಾದ ಮ್ಯಾಲ ಮತ್ತ ಮೂವರು. ಒಂಬತ್ತೂ ಮಂದಿಗೆ ಕಲಸೇ ಕಲಸ್ತೀನಿ."

ನೀತಿ: ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಎಲ್ಲರಿಗೂ ಗೊತ್ತು, ಚಾಚುವ ಮೊದಲು ಹಾಸಿಗೆ ನೋಡುವವರು ಕಡಿಮೆ. ಬೇಡುವವರನ್ನು ಹೆಚ್ಚಿಸುವ ಮುನ್ನ, ಮೂಲೆಯಲ್ಲಿ ಸದ್ದಿಲ್ಲದೆ ದುಡಿದು ಕೊಡುವವರ ಶಕ್ತಿ ಎಷ್ಟೆಂದು ಕೇಳಿ ತಿಳಿಯಿರಿ. ಅದು ಯಂತ್ರವಿರಲಿ, ಮನೆಯ ಮನುಷ್ಯರಿರಲಿ. ಅಳತೆ ಅರಿತ ಹಟವೇ ಗುರಿ ಮುಟ್ಟುವುದು.