ಬೋರೇಶ ಮೇಷ್ಟ್ರು ತುಣುಕು ತೋರಿಸಿದ್ದು

ತಿಪ್ಪಕ್ಕನಿಗೆ ಒಬ್ಬನೇ ಮಗ, ಬೋರೇಶ. ತಲೆಯೊಳಗೆ ಗಾಳಿ ಆಡೋಕೆ ಬೇಕಾದಷ್ಟು ಜಾಗ! ಆದರೂ ಬಿ.ಎಡ್. ಪಾಸು. ಪಾಸು ಮಾಡಿದವರಿಗೆ ಏನನ್ನಬೇಕೋ ನೀವೇ ಹೇಳಿ. ಊರಿನ ಹೈಸ್ಕೂಲಲ್ಲಿ ಟೆಂಪರರಿ ಮೇಷ್ಟ್ರಾದ.

"ಲೇ ಮಗಾ, ಹೆಡ್‌ಮಿಸ್ ಮೇಡಂ ಹೇಳಿದ್ದನ್ನ ಹೇಳಿದಂಗೇ ಮಾಡಪ್ಪ! ಕೆಲ್ಸ ಕಾಯಂ ಆದ್ರೆ ನಾನು ಮಂದಿ ಮನೆ ಮುಸುರೆ ತಿಕ್ಕೋದು ಬಿಡ್ತೀನಿ."

"ಹೂನವ್ವ!"

ಮೊದಲ ದಿನ ಆನೆಯ ಪಾಠ. ಈ ಮಹಾಶಯ ಮೂರು ಗಂಟೆಯ ಸಿನಿಮಾ ತಂದು ಪರದೆ ಮೇಲೆ ಬಿಟ್ಟ. ಗಣಿತ ಹೋಯ್ತು, ಇಂಗ್ಲಿಷ್ ಹೋಯ್ತು, ಊಟದ ಗಂಟೆಯೂ ಹೋಯ್ತು, ಆನೆ ಇನ್ನೂ ಕಾಡಿಂದ ಹೊರಗೇ ಬಂದಿಲ್ಲ! ಹೆಡ್‌ಮಿಸ್ ವಾಗ್ದೇವಿ ಮೇಡಂ ಓಡಿ ಬಂದರು.

"ತಲೆ ಇದೆಯೇನ್ರೀ ನಿಮಗೆ? ಇದು ಬೇರೆಯವರು ಮಾಡಿದ್ದು, ಪೂರ್ತಿ ತೋರಿಸೋ ಹಕ್ಕು ನಮಗಿಲ್ಲ! ಅರ್ಧ ನಿಮಿಷ ತೋರಿಸಿ ಥಟ್ಟನೆ ನಿಲ್ಲಿಸಬೇಕು!"

"ಆಗ್ಲಿ ಮೇಡಂ!"

ಮರುದಿನ ಬೆಳಿಗ್ಗೆ ಪ್ರಾರ್ಥನೆ ಮಾಡಿಸುವ ಸರದಿ ಇವನದು. ಮಕ್ಕಳು ಕೈ ಮುಗಿದು ಹಾಡತೊಡಗಿದವು. ಅರ್ಧ ನಿಮಿಷ ಆಯ್ತೋ ಇಲ್ಲವೋ, ಬೋರೇಶ ಕೂಗಿದ, "ಸಾಕು! ಬಾಯಿ ಮುಚ್ಚಿ! ಇದು ಬೇರೆಯವರು ಬರೆದದ್ದು!"

"ಮಾನ ಕಳೆದ್ರಲ್ರೀ!" ಮೇಡಂ ಹಣೆ ಚಚ್ಚಿಕೊಂಡರು. "ಬೇರೆಯವರದ್ದು ಅಂತ ಅನುಮಾನ ಇದ್ರೆ ಯಜಮಾನರನ್ನ ಕೇಳಿ ಆಮೇಲೆ ಮುಟ್ಟಿ!"

"ಆಗ್ಲಿ ಮೇಡಂ!"

ಮೂರನೇ ದಿನ ಸ್ಟಾಫ್ ರೂಮಿಗೆ ಹಸು ನುಗ್ಗಿ ಪರೀಕ್ಷೆಯ ಉತ್ತರಪತ್ರಿಕೆ ಮೇಯತೊಡಗಿತು. ಬೋರೇಶ ಹಸುವನ್ನು ಮುಟ್ಟುತ್ತಾನೆಯೇ? ಅದರ ಯಜಮಾನನನ್ನು ಹುಡುಕಿಕೊಂಡು ಮೂರು ಬೀದಿ ಸುತ್ತಿದ! ಬರುವಷ್ಟರಲ್ಲಿ ಇಡೀ ತರಗತಿ ಹಸುವಿನ ಹೊಟ್ಟೆಯಲ್ಲಿ ಪಾಸಾಗಿತ್ತು.

"ಅಯ್ಯೋ ದಡ್ಡ ಶಿಖಾಮಣಿ! ಮಕ್ಕಳ ಓದಿನ ವಿಷಯಕ್ಕೆ ಯಾರನ್ನೂ ಕಾಯಬಾರದು! ನಾಳೆ ಶಾಲಾ ಸಮಿತಿ ಕಾರ್ಯದರ್ಶಿಗಳು ನಿಮ್ಮ ಪಾಠ ನೋಡಿ ಕೆಲಸ ಕಾಯಂ ಮಾಡ್ತಾರೆ. ನೀವು ತೋರಿಸೋ ವಿಡಿಯೋಗೆ ನಕಲು ಆಗದಂಗೆ ಬೀಗ ಹಾಕಿದ್ರೂ ಬಿಡಿಸಿ, ಪಾಠಕ್ಕೆ ಬೇಕಾದ ತುಣುಕಷ್ಟೇ ಕತ್ತರಿಸಿ. ಉಳಿದದ್ದು ಮುಟ್ಟಬೇಡಿ!"

"ಆಗ್ಲಿ ಮೇಡಂ!"

ನಾಲ್ಕನೇ ದಿನದ ಪಾಠ, ಕಚೇರಿ ಪತ್ರ ಬರೆಯುವ ಕ್ರಮ. ಕಾರ್ಯದರ್ಶಿ ಮುರಿಗೆಪ್ಪನವರು ಸೂಟ್‌ಕೇಸು ಸ್ಟಾಫ್ ರೂಮಲ್ಲಿಟ್ಟು, ಮೇಡಂ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಪಾಠಕ್ಕೊಂದು ಪತ್ರ ಹುಡುಕುತ್ತ ಬೋರೇಶ ನೋಡಿದ. ಸೂಟ್‌ಕೇಸಿಗೆ ಬೀಗ! ಕಲ್ಲು ತಂದು ಕುಟ್ಟಿದ. ಮೇಲಿದ್ದ ಕಾಗದ ಎತ್ತಿ, ಕತ್ತರಿಯಲ್ಲಿ ಸಹಿ, ಮೊಹರು ಕತ್ತರಿಸಿ, ತರಗತಿಯ ಬೋರ್ಡಿಗೆ ಗೋಂದು ಹಚ್ಚಿ ಅಂಟಿಸಿದ.

"ನೋಡ್ರಪ್ಪಾ ಮಕ್ಕಳೇ! ಪತ್ರದ ಕೊನೆ ಹಿಂಗಿರ್ಬೇಕು!"

ಮುರಿಗೆಪ್ಪನವರು ಒಳಗೆ ಬಂದರು. ಬೋರ್ಡು ನೋಡಿದರು. "ಏನ್ರೀ ಇದು? ನನ್ನ ಸಹಿ!"

"ತುಣುಕು ಅಷ್ಟೇ ಸಾರ್! ಮಿಕ್ಕಿದ್ದು ತಗೊಳ್ಳಿ!"

ಅವರು ತೂತಾದ ಕಾಗದ ಓದಿದರು. ಮುಖ ಕೆಂಪಾಯಿತು. "ಅಯ್ಯಾ, ಇದು ಪಾಠ ನೋಡಿ ಕೊಡೋಣ ಅಂತ ಸಹಿ ಹಾಕಿ ತಂದಿದ್ದ, ನಿನ್ನನ್ನ ಕಾಯಂ ಮಾಡೋ ಆರ್ಡರ್ ಕಣಯ್ಯ! ಇನ್ನೊಂದು ಸಹಿ ಈ ಜನ್ಮದಲ್ಲಿ ಹಾಕಲ್ಲ! ಮನೆಗೆ ನಡಿ!"

ಮನೆ ಬಾಗಿಲಲ್ಲೇ ಕಾದಿದ್ದ ತಿಪ್ಪಕ್ಕ ಕೇಳಿದಳು, "ಆರ್ಡರ್ ಬಂತೇನೋ ಮಗಾ?"

"ಬಂದಿತ್ತವ್ವ!" ಬೋರೇಶ ಹಿಗ್ಗಿ ಹೇಳಿದ. "ಬ್ಯಾರೇರ ಕಾಗದ ಅಲ್ವಾ, ಪಾಠಕ್ಕೆ ಬೇಕಾದ್ದು ಕತ್ತರಿಸ್ಕೊಂಡು ಉಳಿದಿದ್ದೆಲ್ಲ ವಾಪಸ್ ಕೊಟ್ಬಂದೆ!"