ಒಂದೇ ಕೈಯ ತುತ್ತು

ದುಂಡಪ್ಪ ಹಟಮಾರಿ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಹಟ ಅವನಿಗೆ ಎಲ್ಲಿಂದ ಬಂತು ಎಂಬುದನ್ನು ಅವನೇ ಆಮೇಲೆ ಹೇಳುತ್ತಾನೆ.

ನದಿಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಹಾಲಯ್ಯಜ್ಜಾರು ತತ್ವಪದ ಕಲಿಸುತ್ತಿದ್ದರು. ಮೀಸೆ ಮೂಡುವ ಮೊದಲೇ ಅವರ ಹತ್ತಿರ ಬಂದ ದುಂಡಪ್ಪ ಈಗ ಗಡ್ಡ ಬಿಟ್ಟಿದ್ದ. ಉಳಿದ ಶಿಷ್ಯರು ಬಂದರು, ಹೋದರು. ಇವನು ಕದಲಲಿಲ್ಲ.

ಅವನ ಹೆಗಲ ಮೇಲೆ ಯಾವಾಗಲೂ ಒಂದು ಗೊರವಂಕ. ಹೆಸರು ಹೊನ್ನಿ. ಗೂಡಿನಿಂದ ಬಿದ್ದ ಮರಿಯನ್ನು ಅವನೇ ಎತ್ತಿ ತಂದು ಉಳಿಸಿಕೊಂಡಿದ್ದ. ಮುರಿದ ರೆಕ್ಕೆ ಮಾತ್ರ ಸರಿಹೋಗಲಿಲ್ಲ. ಹೊನ್ನಿಗೆ ಕುಪ್ಪಳಿಸಲು ಬರುತ್ತಿತ್ತು, ಹಾರಲು ಬರುತ್ತಿರಲಿಲ್ಲ.

ಒಂದು ಬೇಸಿಗೆಯ ಬೆಳಗ್ಗೆ ಅಜ್ಜಾರು ಅವನನ್ನು ಕರೆದರು.

"ದುಂಡ್ಯಾ, ನನ್ನ ಹತ್ರ ಇದ್ದ ಪದ ಎಲ್ಲಾ ನಿನಗ ಬಂದಾವು. ಉಳಿದದ್ದು ಸಿದ್ದವ್ವನ ಹತ್ರ ಐತಿ. ಆಕಿ ಬ್ಯಾಸಗಿಯಾಗ ಅಷ್ಟ ಮನಿಯಾಗ ಇರತಾಳ. ಮಳಿ ಹಿಡೀತಂದ್ರ ಯಾರ ಕೈಗೂ ಸಿಗಂಗಿಲ್ಲ. ಹೋಗಿ ಕಲತು ಬಾ."

ಸಿದ್ದವ್ವ ಊರೂರು ತಿರುಗಿ ಹಾಡುವ ಮುದುಕಿ. ಅವಳ ಊರು ನದಿ ದಾಟಿ ಎರಡು ದಿನದ ದಾರಿ.

"ನಾ ಹೋಗಂಗಿಲ್ಲ," ಎಂದ ದುಂಡಪ್ಪ.

"ಯಾಕ?"

"ಹೊನ್ನಿಗೆ ಯಾರು ತಿನಸ್ತಾರ?"

"ಸಂಗಾಟ ಕರಕೊಂಡು ಹೋಗು."

"ಸಿದ್ದವ್ವನ ಮನಿ ತುಂಬ ಬೆಕ್ಕು ಅದಾವಂತ್ರಿ."

"ಹಂಗಾರ ಇಲ್ಲೇ ಬಿಡು. ನಾ ತಿನಸ್ತೀನಿ."

ದುಂಡಪ್ಪ ನಕ್ಕುಬಿಟ್ಟ. ಗುರುಗಳ ಮುಂದೆ ಹಾಗೆ ನಗಬಾರದು. ಅದು ಗೊತ್ತಿದ್ದೇ ನಕ್ಕ.

"ತಿನಸ್ರಿ ನೋಡೋಣು."

ಅಜ್ಜಾರು ಹುರಿಗಡಲೆಯ ಹಿಟ್ಟು ತರಿಸಿದರು. ನೀರು ಚಿಮುಕಿಸಿ ನಾದಿ, ಸಣ್ಣ ಸಣ್ಣ ಉಂಡೆ ಮಾಡಿ ಅಂಗೈ ಮೇಲಿಟ್ಟು ಚಾಚಿದರು. ಹೊನ್ನಿ ಒಂದು ಕಣ್ಣಿನಿಂದ ನೋಡಿತು. ಕತ್ತು ಹೊರಳಿಸಿ ಇನ್ನೊಂದು ಕಣ್ಣಿನಿಂದ ನೋಡಿತು. ಆಮೇಲೆ ಬೆನ್ನು ತಿರುಗಿಸಿ ಕುಳಿತಿತು.

ಮಠದಲ್ಲಿ ಅಡುಗೆ ಮಾಡುವ ನೀಲಗಂಗವ್ವ ಒಳಗಿನಿಂದ ಬಂದಳು. ಬಿಡಿಸಿದ ಅತ್ತಿಹಣ್ಣನ್ನು ಕೊಕ್ಕಿನ ಹತ್ತಿರ ಹಿಡಿದಳು. ಹೊನ್ನಿ ಕೊಕ್ಕು ಬಿಚ್ಚಲಿಲ್ಲ.

ಆಗ ದುಂಡಪ್ಪ ದೂರ ನಿಂತು ಮೆಲ್ಲಗೆ ಒಂದು ಸಿಳ್ಳು ಹಾಕಿದ. ಹೊನ್ನಿ ಬಿದ್ದು ಎದ್ದು ಅವನ ಕಡೆ ಓಡಿತು. ಅಗಲವಾಗಿ ಬಾಯಿ ತೆರೆದು ಅವನ ಬೆರಳಿನಿಂದ ಉಂಡೆ ನುಂಗಿತು.

"ನೋಡಿದ್ರಿಲ್ಲೋ? ನನ್ನ ಕೈ ಬಿಟ್ಟರ ಬ್ಯಾರೆ ಕೈ ಅದಕ್ಕ ಗೊತ್ತಿಲ್ಲ."

ಅವನ ಮುಖ ಅರಳಿತ್ತು. ತಾನು ಹೋದರೆ ಹಕ್ಕಿ ಸಾಯುತ್ತದೆ ಎಂದು ಈಗಷ್ಟೇ ಸಾಬೀತು ಮಾಡಿದ್ದ. ಆದರೂ ಅರಳಿತ್ತು. ಅಜ್ಜಾರು ಅದನ್ನು ನೋಡಿದರು.

"ಮೊದಲಿಂದನೂ ಹಿಂಗ ಇತ್ತೇನು?"

"ಇಲ್ರಿ. ಮೊದಲ ಯಾರು ಕೊಟ್ಟರೂ ತಿಂತಿತ್ತು. ಹಾದಿ ಮ್ಯಾಲ ಹೋಗೋರ ಕೈಯಾಗಿಂದನೂ ತಿಂತಿತ್ತು."

"ಮತ್ತ?"

ದುಂಡಪ್ಪ ಹೊನ್ನಿಯ ಬೆನ್ನು ಸವರಿದ. ಹಟಮಾರಿಯಾದರೂ ಅವನು ಸುಳ್ಳುಗಾರನಲ್ಲ.

"ನನಗ ಅದು ಸೇರಲಿಲ್ಲ. ಬ್ಯಾರೆಯವರ ಕೈಲೆ ತಿಂದ ದಿನ ನಾ ಏನೂ ಕೊಡತಿದ್ದಿಲ್ಲ. ಎಷ್ಟು ಒದರಿದ್ರೂ ಕೊಡತಿದ್ದಿಲ್ಲ. ಹಂಗ ಕಲೀತು."

"ನೀ ಹಕ್ಕಿ ಸಾಕೀದಿ ಅಂತ ನಾ ತಿಳಕೊಂಡಿದ್ದೆ," ಎಂದರು ಅಜ್ಜಾರು. "ನೀ ಸಾಕಿದ್ದು ಹಸಿವು."

ದುಂಡಪ್ಪನಿಗೆ ಮೈಯೆಲ್ಲ ಉರಿಯಿತು.

"ಜೀವ ಉಳಿಸಿದವ ನಾನು. ಪ್ರೀತಿ ಮಾಡಿದವ ನಾನು. ಅದೂ ತಪ್ಪಾತೇನು?"

"ಇವತ್ತು ಸಂಜಿತನ ನೀ ಇದ್ದೂ ಇಲ್ಲದಂಗ ಇರು. ನೋಡೋಣು, ನಿನ್ನ ಪ್ರೀತಿ ಅದಕ್ಕ ಏನು ತಿನಸ್ತೈತಿ."

ದುಂಡಪ್ಪ ಹೋಗಿ ಕಂಬದ ಮರೆಗೆ ಕುಳಿತ. ಬಿಸಿಲು ಏರಿತು. ಹೊನ್ನಿ ಅಂಗಳದ ತುಂಬ ಕುಂಟುತ್ತ ಅವನನ್ನು ಹುಡುಕಿತು. ನೀಲಗಂಗವ್ವ ಹಿಟ್ಟು ಹಿಡಿದು ಹಿಂದೆ ಹಿಂದೆ ತಿರುಗಿದಳು. ಹಕ್ಕಿ ತಿನ್ನಲಿಲ್ಲ. ಕೂಗಿತು. ಕೂಗಿ ಕೂಗಿ ಅದರ ದನಿ ಸಣ್ಣದಾಯಿತು.

ದುಂಡಪ್ಪ ತಡೆಯಲಾರದೆ ಎದ್ದು ಬಂದ. ಅಜ್ಜಾರ ಕಣ್ಣೆದುರೇ ಕುಳಿತು ಹಕ್ಕಿಗೆ ಹೊಟ್ಟೆ ತುಂಬ ತಿನ್ನಿಸಿದ.

"ನಿಮ್ಮ ಪಾಠಕ್ಕ ನಾ ಈ ಹಕ್ಕಿ ಸಾಯಿಸಂಗಿಲ್ಲ. ಬೇಕಾದ್ರ ನನ್ನ ಮಠದಿಂದ ಹೊರಗ ಹಾಕ್ರಿ."

ಅಜ್ಜಾರು ಹೊರಗೆ ಹಾಕಲಿಲ್ಲ. ಹಕ್ಕಿ ನೀರು ಕುಡಿಯುವುದನ್ನು ನೋಡುತ್ತ ಕುಳಿತರು.

ಸಂಜೆ ಊಟದ ಹೊತ್ತಾಯಿತು. ಇಲ್ಲಿ ದುಂಡಪ್ಪನ ಒಂದು ನೇಮ ಹೇಳಬೇಕು. ದಿನವೂ ಮೊದಲ ತುತ್ತು ಅಜ್ಜಾರ ಕೈಯಿಂದಲೇ ಆಗಬೇಕು. ಅವರು ತಮ್ಮ ತಾಟಿನಿಂದ ಒಂದು ತುತ್ತು ಬಾಯಿಗಿಟ್ಟ ಮೇಲೇ ಅವನು ತನ್ನ ತಾಟಿಗೆ ಕೈ ಹಾಕುವುದು. ಮಠಕ್ಕೆ ಬಂದವರಿಗೆಲ್ಲ ಅದನ್ನು ಹೇಳಿಕೊಳ್ಳುತ್ತಿದ್ದ. ಭಕ್ತಿ ಎಂದು ಅದಕ್ಕೆ ಹೆಸರಿಟ್ಟುಕೊಂಡಿದ್ದ.

ಆ ಸಂಜೆ ಅವನು ಬಾಯಿ ತೆರೆದು ಕುಳಿತ. ಅಜ್ಜಾರು ರೊಟ್ಟಿ ಮುರಿದರು. ಮುರಿದದ್ದನ್ನು ತಾಟಿನಲ್ಲೇ ಬಿಟ್ಟು ಎದ್ದರು.

"ನೀಲಗಂಗವ್ವಾ, ಇನ್ನ ಮ್ಯಾಲೆ ಇವಗ ನೀ ಕೊಡು."

ನೀಲಗಂಗವ್ವ ರೊಟ್ಟಿಯಲ್ಲಿ ಪುಂಡಿಪಲ್ಯ ಸುತ್ತಿ ಅವನ ಬಾಯಿಯ ಹತ್ತಿರ ಹಿಡಿದಳು. ದುಂಡಪ್ಪ ಮುಖ ತಿರುಗಿಸಿದ.

"ಬ್ಯಾಡ."

"ಯಾಕೋ ತಮ್ಮಾ? ನನ್ನ ಕೈಗೆ ಏನಾಗೈತಿ? ಈ ರೊಟ್ಟಿ ಬಡದದ್ದೂ ಇದ ಕೈ."

"ಅಜ್ಜಾರು ಕೊಟ್ಟರ ಉಣ್ಣತೀನಿ. ಇಲ್ಲಾಂದ್ರ ಇಲ್ಲ."

ಅವನು ಹಾಗೆಯೇ ಹೋಗಿ ಮಲಗಿದ.

ಬೆಳಗಾಯಿತು. ಅಜ್ಜಾರು ಕಟ್ಟೆಯ ಮೇಲೆ ಕುಳಿತಿದ್ದರು. ದುಂಡಪ್ಪ ಮೊದಲು ಹೊನ್ನಿಗೆ ತಿನ್ನಿಸಿದ. ಆಮೇಲೆ ಬಂದು ಎದುರಿಗೆ ನಿಂತ.

"ಹಸಿವಾಗೈತೇನು?" ಎಂದರು ಅಜ್ಜಾರು.

"ಆಗೈತಿ."

"ಒಳಗ ರೊಟ್ಟಿ ಐತಿ. ಉಣ್ಣು."

"ನೀವು ಕೊಡ್ರಿ."

"ಹೊನ್ನಿನೂ ಇದನ್ನ ಅಂತೈತಿ."

"ಅಂತೈತಿ," ಎಂದ ದುಂಡಪ್ಪ. ಕಣ್ಣು ಕೆಳಗೆ ಇಳಿಸಲಿಲ್ಲ. "ಹೊನ್ನಿನ್ನ ಹಂಗ ಮಾಡಿದವ ನಾನು. ಒಪ್ಪಿದೆ. ನನ್ನನ್ನ ಹಿಂಗ ಮಾಡಿದವರು ಯಾರು?"

ಒಲೆಯ ಮುಂದಿದ್ದ ನೀಲಗಂಗವ್ವನ ಕೈ ರೊಟ್ಟಿ ಬಡಿಯುವುದನ್ನು ನಿಲ್ಲಿಸಿತು.

"ಏನಂದಿ?" ಎಂದರು ಅಜ್ಜಾರು.

"ನಾ ಹೊಸದಾಗಿ ಬಂದಾಗ ಸಿದ್ದವ್ವ ಆಚೆ ದಂಡಿಗೆ ಹಾಡಾಕ ಬಂದಿದ್ದಳು. ನಾ ನಿಮಗ ಹೇಳದ ಹೋಗಿ ಕೇಳಿ ಬಂದೆ. ಅವತ್ತ ಸಂಜಿಗೆ ನೀವು ನನಗ ತುತ್ತು ಕೊಡಲಿಲ್ಲ. ಬೈಯಲೂ ಇಲ್ಲ, ಮಾತಾಡಲೂ ಇಲ್ಲ. ನಾ ಬಾಯಿ ತಕ್ಕೊಂಡು ಕುಂತಿದ್ದೆ, ನೀವು ಎದ್ದು ಹೋದ್ರಿ. ಮತ್ತ ನಾ ಎಂದೂ ಆಚೆ ದಂಡಿಗೆ ಹೋಗಲಿಲ್ಲ. ಹಂಗ ಕಲಿಸೀರಿ. ಹಂಗ ಕಲತೀನಿ. ಈಗ ಹೋಗು ಅಂದ್ರ ಎಲ್ಲಿಗೆ ಹೋಗಲಿ?"

ಮಠದಲ್ಲಿ ಯಾರೂ ಅಜ್ಜಾರ ಮುಂದೆ ಹೀಗೆ ಮಾತಾಡಿರಲಿಲ್ಲ. ನೀಲಗಂಗವ್ವ ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಿಂತಳು.

ಅಜ್ಜಾರು ನದಿಯ ಕಡೆ ನೋಡಿದರು. ತುಂಬ ಹೊತ್ತು ನೋಡಿದರು. ದುಂಡಪ್ಪನಿಗೆ ಹೆದರಿಕೆಯಾಯಿತು. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಮಾತ್ರ ಅವನ ಮನಸ್ಸು ಒಪ್ಪಲಿಲ್ಲ.

"ಅವತ್ತ ಆಕಿ ಹಾಡು ಕೇಳಿ ಬಂದಿದ್ದೀ," ಎಂದರು ಅಜ್ಜಾರು ಕೊನೆಗೆ. "ನಿನ್ನ ಮುಖ ಬ್ಯಾರೇನ ಆಗಿತ್ತು. ನನ್ನ ಹಾಡು ಕೇಳಿದಾಗ ಒಮ್ಮೆಯೂ ಹಂಗ ಆಗಿರಲಿಲ್ಲ. ನನಗ ಹೊಟ್ಟಿ ಉರೀತು."

ಅವರು ದುಂಡಪ್ಪನ ಕಡೆ ತಿರುಗಿದರು.

"ತಪ್ಪಾತು, ತಮ್ಮಾ."

ಅಷ್ಟು ಹೇಳಿ ಅವರು ಎದ್ದರು. ಅಡುಗೆಮನೆಗೆ ಹೋಗಿ ನೀಲಗಂಗವ್ವನ ಮುಂದೆ ನೆಲದ ಮೇಲೆ ಕುಳಿತರು.

"ನನಗೊಂದು ತುತ್ತು ಉಣಸು."

"ಯಪ್ಪಾ, ನಿಮಗ ನಾ ಉಣಸೂದೇನ್ರಿ?"

"ನಿನ್ನೆ ಸಂಜಿಯಿಂದ ನನಗೂ ಕೂಳು ಇಳಿದಿಲ್ಲ. ಕೊಡವಾ."

ನೀಲಗಂಗವ್ವ ಒಮ್ಮೆ ಇವರನ್ನು, ಒಮ್ಮೆ ಬಾಗಿಲಲ್ಲಿ ನಿಂತ ಅವನನ್ನು ನೋಡಿದಳು. ಅವಳಿಗೂ ಸಿಟ್ಟು ಬಂದಿತ್ತು.

"ನಿಮ್ಮಿಬ್ಬರ ಹಟಕ್ಕ ನಿನ್ನಿ ರೊಟ್ಟಿ ಎಲ್ಲಾ ತಂಗಳಾದವು. ಬಡದ ಕೈಗೆ ನೋವು ಇರೂದಿಲ್ಲೇನು? ತಗೋರಿ. ಬಾಯಿ ತೆರೀರಿ."

ಹಾಲಯ್ಯಜ್ಜಾರು ಬಾಯಿ ತೆರೆದರು. ಊರವರೆಲ್ಲ ಕಾಲಿಗೆ ಬೀಳುವ ಆ ಹಿರಿಯರು ಸಣ್ಣ ಮಗುವಿನ ಹಾಗೆ ಕತ್ತು ಚಾಚಿ ತುತ್ತು ತೆಗೆದುಕೊಂಡರು. ನಿಧಾನವಾಗಿ ಅಗಿದು ನುಂಗಿದರು. ಆಮೇಲೆ ಸರಿದು ಪಕ್ಕದಲ್ಲಿ ಜಾಗ ಬಿಟ್ಟರು.

ದುಂಡಪ್ಪ ಬಂದು ಆ ಜಾಗದಲ್ಲಿ ಕುಳಿತ. ಯಾರ ಮುಖವನ್ನೂ ನೋಡದೆ ಬಾಯಿ ತೆರೆದ. ನೀಲಗಂಗವ್ವ ತುತ್ತು ಇಟ್ಟಳು.

"ಪಲ್ಯಾಕ ಉಪ್ಪು ಬಾಳ ಆಗೈತಿ," ಎಂದ.

"ಆಗಲಿ. ನುಂಗು."

ಅವನು ನುಂಗಿದ. ಅದಾದ ಮೇಲೆ ಎಷ್ಟು ರೊಟ್ಟಿ ತಿಂದನೋ ಲೆಕ್ಕವಿಲ್ಲ, ಅಷ್ಟು ಹಸಿದಿದ್ದ.

ಅವತ್ತಿನಿಂದ ಹೊನ್ನಿಯ ಪಾಠ ಶುರುವಾಯಿತು. ಹೇಗೆ ಎಂದು ಯಾರೂ ಹೇಳಿಕೊಡಲಿಲ್ಲ. ದುಂಡಪ್ಪನಿಗೇ ಹೊಳೆಯಿತು. ತನ್ನ ಅಂಗೈ ಮೇಲೆ ನೀಲಗಂಗವ್ವನ ಅಂಗೈ ಇಡಿಸಿಕೊಂಡ. ಅವಳ ಅಂಗೈ ಮೇಲೆ ಉಂಡೆ ಇಟ್ಟ. ಸಿಳ್ಳು ಹಾಕಿದ. ಹೊನ್ನಿ ಬಂತು, ಅನುಮಾನಿಸಿತು, ಕೆಳಗಿದ್ದ ಅವನ ಬೆರಳನ್ನು ಕುಕ್ಕಿ ನೋಡಿತು, ತಿಂದಿತು.

ದಿನ ಕಳೆದಂತೆ ಅವನ ಕೈ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಯಿತು. ಮೊದಲು ಅಂಗೈ, ಆಮೇಲೆ ಬೆರಳು. ಸಿಳ್ಳನ್ನೂ ಅವಳಿಗೆ ಕಲಿಸಿದ. ಹಲ್ಲು ಬಿದ್ದ ಬಾಯಿಯಿಂದ ನೀಲಗಂಗವ್ವನ ಸಿಳ್ಳು ಬರೀ ಗಾಳಿಯಾಗಿ ಬರುತ್ತಿತ್ತು. ಹೊನ್ನಿ ಕತ್ತು ಓರೆ ಮಾಡಿ ಅದನ್ನೂ ಕಲಿತುಕೊಂಡಿತು.

ಒಂದು ಬೆಳಗ್ಗೆ ಅವನು ಕಂಬದ ಮರೆಯಲ್ಲಿ ನಿಂತಿದ್ದ. ನೀಲಗಂಗವ್ವ ಒಬ್ಬಳೇ ಅಂಗಳಕ್ಕೆ ಬಂದು ಗಾಳಿಯ ಸಿಳ್ಳು ಊದಿದಳು. ಹೊನ್ನಿ ಓಡಿಹೋಗಿ ಅವಳ ಕೈಯಿಂದ ತಿಂದಿತು. ಇವನ ಕಡೆ ನೋಡಲೂ ಇಲ್ಲ.

ದುಂಡಪ್ಪ ನದಿಗೆ ಹೋಗಿ ಕುಳಿತು ಅತ್ತ. ಗಟ್ಟಿಯಾಗಿಯೇ ಅತ್ತ. ಅಜ್ಜಾರು ಬಂದು ಪಕ್ಕದಲ್ಲಿ ಕುಳಿತರು. ಸಮಾಧಾನ ಹೇಳಲಿಲ್ಲ.

"ನನಗ ಖುಷಿ ಆಗಬೇಕಿತ್ತಲ್ರಿ," ಎಂದ ಅವನು ಮೂಗು ಒರೆಸಿಕೊಂಡು.

"ನನಗೂ ಆಗಬೇಕಿತ್ತು," ಎಂದರು ಅಜ್ಜಾರು. "ನೀ ನಾಳೆ ಹೊಂಟೀದಿ."

ಮರುದಿನ ಹೊರಡುವ ಮೊದಲು ದುಂಡಪ್ಪ ನೀಲಗಂಗವ್ವನ ತಲೆ ತಿಂದ.

"ಹಿಟ್ಟಿಗೆ ನೀರು ಬಾಳ ಹಾಕಬ್ಯಾಡ. ಮಧ್ಯಾಹ್ನ ಬಿಸಲಾಗ ಬಿಡಬ್ಯಾಡ. ಮೈ ತೊಳಕೊಳ್ಳಾಕ ತಾಟಿನಾಗ ನೀರು ಇಡು, ಬಟ್ಟಲದಾಗ ಇಟ್ಟರ ಅದಕ್ಕ ಸೇರೂದಿಲ್ಲ. ರಾತ್ರಿ ಬುಟ್ಟಿ ಮುಚ್ಚಿ ಮ್ಯಾಲ ಕಲ್ಲು ಹೇರೂದು ಮರೀಬ್ಯಾಡ, ಬೆಕ್ಕು..."

"ನಾ ಐದು ಮಕ್ಕಳ್ನ ಸಾಕೀನೋ ಮಾರಾಯಾ."

"ಹಕ್ಕಿ ಸಾಕಿಲ್ಲ."

"ನಿನ್ನ ಸಾಕೀನಲ್ಲ, ಅದಕ್ಕಿಂತ ಸುಲಭ ಇರತೈತಿ. ನಡಿ."

ಬೇಸಿಗೆಯ ನದಿ ಮೊಣಕಾಲಿಗೆ ಇಳಿದಿತ್ತು. ದುಂಡಪ್ಪ ಅಜ್ಜಾರ ಕಾಲಿಗೆ ಬಿದ್ದು, ಏಕತಾರಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ನೀರಿಗಿಳಿದ. ಹೊನ್ನಿ ನೀಲಗಂಗವ್ವನ ಹೆಗಲ ಮೇಲಿತ್ತು. ಒಂದು ಸಲ ಸಿಳ್ಳು ಹಾಕಬೇಕು ಎಂದು ಅವನ ಜೀವ ಒದ್ದಾಡಿತು. ತುಟಿ ಕಚ್ಚಿಕೊಂಡು ನಡೆದ.

ನಡುನೀರಿಗೆ ಬಂದವನು ತಿರುಗಿ ನಿಂತ.

"ಅಜ್ಜಾರ, ಹೊನ್ನಿ ನನ್ನ ಮರತರ?"

"ಮರತರ ಹೊಟ್ಟಿ ತುಂಬೇತಿ ಅಂತ ತಿಳಿ."

ಅವನು ನಾಲ್ಕು ಹೆಜ್ಜೆ ಹೋದ. ಮತ್ತೆ ತಿರುಗಿದ. ಹಟ ಅಷ್ಟು ಬೇಗ ಎಲ್ಲಿಗೆ ಹೋಗುತ್ತದೆ?

"ನೀವು ಏನ ಅಂದ್ರೂ ನಾ ನಿಮ್ಮನ್ನ ಮರೆಯಂಗಿಲ್ಲ! ಬೇಕಾದ್ರ ಸಿಟ್ಟಾಗ್ರಿ!"

ಅಜ್ಜಾರು ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದು, ಆಚೆ ದಂಡೆಗೂ ಕೇಳುವ ಹಾಗೆ ಕೂಗಿದರು.

"ಅದು ನಿನ್ನಿಷ್ಟ! ಅಲ್ಲಿ ಹೋಗಿ ಬಾಯಿ ತೆರಿಯೋ ಮಗನ!"